ಕೇಳದೇ ತೆಗೀಬ್ಯಾಡ್ರಿ ಅಂದ ಆಪಾ

ಆಪಾ ತೀರಿಕೊಂಡ ಸುದ್ದಿ ಬಂದಾಗ ನಾನು ಅವರಿಗೇ ಒಂದು ಸಿಟ್ಟಿನ ಮೇಲ್ ಬರೆಯುತ್ತ ಕೂತಿದ್ದೆ. ನಾಲ್ಕು ಪ್ಯಾರಾ ಮುಗಿದಿತ್ತು. ಐದನೆಯದರಲ್ಲಿ ‘ಇನ್ನು ಮೇಲಾದರೂ ದಯವಿಟ್ಟು’ ಎಂಬಲ್ಲಿಗೆ ಬಂದಿದ್ದೆ. ಫೋನು ಮಾಡಿದ್ದು ಅವರ ತಂಗಿ. ಬೆಳಿಗ್ಗೆ ಹೋದರು, ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಮೇಲ್ ಅಳಿಸಿ ಚಪ್ಪಲಿ ಹಾಕಿಕೊಂಡೆ.

ಅವರನ್ನು ಬಲ್ಲ ಏಳೆಂಟು ವರ್ಷಗಳಲ್ಲಿ ನನಗೆ ಅವರ ಮೇಲೆ ಸಿಟ್ಟು ಬರದ ವಾರವೇ ಇರಲಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಸಿಟ್ಟನ್ನು ಮರೆಮಾಚುವುದು ವಾಡಿಕೆ. ಹಾಗೆ ಮಾಡಿದರೆ ನನ್ನ ಹತ್ತಿರ ಬರೆಯಲು ಹೆಚ್ಚೇನೂ ಉಳಿಯುವುದಿಲ್ಲ.

ಹೆಸರು ಬೇಡ. ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಚೀಲ ಹೊರುವ ಹಮಾಲರಿಂದ ಹಿಡಿದು ಅಡತಿ ಅಂಗಡಿಯ ಸಾವಕಾರರವರೆಗೆ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು, ಅವರಿಗಿಂತ ಹಿರಿಯರು ಕೂಡ. ಗಂಜಿನ ಗೇಟಿಗೆ ಎದುರಾಗಿ ಅವರದೊಂದು ಜೆರಾಕ್ಸ್ ಅಂಗಡಿ. ಅರ್ಜಿ ತುಂಬಿಕೊಡುವುದು, ಕನ್ನಡ ಉರ್ದು ಮರಾಠಿ ಟೈಪ್ ಮಾಡಿಕೊಡುವುದು ಅವರ ಕೆಲಸ. ಮದುವೆಯಾಗಿರಲಿಲ್ಲ. ಹಿಂದೆ ಯಾವುದೋ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಡಾಟಾ ಎಂಟ್ರಿ ಮಾಡುತ್ತಿದ್ದರಂತೆ. ಅದು ಮುಚ್ಚಿದಾಗ ಅಲ್ಲಿ ಬಿಸಾಕಲು ಇಟ್ಟಿದ್ದ ಎರಡು ಕಂಪ್ಯೂಟರ್ ಕೇಳಿ ತಂದುಕೊಂಡಿದ್ದರು. ಅಷ್ಟು ಹಳೆಯ ಯಂತ್ರದಲ್ಲಿ ಪೇಟೆಯ ಯಾವ ಸಾಫ್ಟ್‌ವೇರೂ ನಡೆಯುತ್ತಿರಲಿಲ್ಲ. ನಮ್ಮದು ನಡೆಯುತ್ತಿತ್ತು.

ನಮ್ಮದು ಎಂದರೆ ಒಂದು ಸಾಮೂಹಿಕ ಭಂಡಾರ. ಬೇರೆ ಬೇರೆ ಊರುಗಳಲ್ಲಿರುವ ಕೆಲವರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ಹಳೆಯ ಕಂಪ್ಯೂಟರುಗಳಲ್ಲಿ ನಡೆಯುವ ತಂತ್ರಾಂಶಗಳನ್ನು ಒಂದು ಕಡೆ ಕೂಡಿಟ್ಟಿದ್ದೆವು. ಸಾಲೆಗಳು, ವಾಚನಾಲಯಗಳು, ಆಪಾನಂಥವರ ಅಂಗಡಿಗಳು ಅಲ್ಲಿಂದ ಬೇಕಾದ್ದನ್ನು ಇಳಿಸಿಕೊಳ್ಳುತ್ತಿದ್ದವು. ಒಂದೊಂದು ತಂತ್ರಾಂಶದ ಗಂಟಿಗೆ ಪ್ಯಾಕೇಜು ಎನ್ನುತ್ತೇವೆ. ಪ್ರತಿ ಪ್ಯಾಕೇಜಿಗೆ ಒಬ್ಬ ಉಸ್ತುವಾರಿ ಇರುತ್ತಾನೆ. ಕೆಟ್ಟರೆ ರಿಪೇರಿ ಮಾಡುವುದು, ಕಾಲಕ್ಕೆ ತಕ್ಕಂತೆ ಹೊಸದು ಮಾಡುವುದು ಅವನ ಹೊಣೆ. ಉತ್ಸಾಹದಿಂದ ಪ್ಯಾಕೇಜು ತಂದು ಹಾಕಿದವರು ಎರಡು ವರ್ಷಕ್ಕೆ ಮರೆತುಬಿಡುವುದು ರೂಢಿ. ಹೀಗೆ ಹಳತಾಗಿ ಬಿದ್ದವನ್ನು ಹುಡುಕಿ ತೆಗೆದುಹಾಕುವ ಕೆಲಸ ನನ್ನದಾಗಿತ್ತು. ನಾನು ಬೀದರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಕಸ ಕಂಡರೆ ಆಗದ ಸ್ವಭಾವ. ಎಲ್ಲರೂ ಸೇರಿ ನನಗೇ ಪೊರಕೆ ಕೊಟ್ಟಿದ್ದರು.

ನಿಯಮ ಸರಳವಾಗಿತ್ತು. ಉಸ್ತುವಾರಿಗೆ ಮೂರು ಸಲ ಮೇಲ್ ಕಳಿಸಬೇಕು. ಉತ್ತರ ಬರದಿದ್ದರೆ ತಾರೀಖು ಸಾರಿ, ಆ ದಿನ ತೆಗೆಯಬೇಕು. ಮೊದಲ ಪಟ್ಟಿಯನ್ನು ನಾನು ಸಾರಿದ ಮರುದಿನ ಬುರ್ಖಾ ಹಾಕಿಕೊಂಡ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಲ್ಯಾಬಿನ ಬಾಗಿಲಲ್ಲಿ ನಿಂತರು. ಕೈಯಲ್ಲಿ ನನ್ನದೇ ಪಟ್ಟಿಯ ಪ್ರಿಂಟು. ಅದರ ತುಂಬ ಕೆಂಪು ಪೆನ್ನಿನ ಗೆರೆ.

“ಇದು ನೀವೇ ಕಳಿಸಿದ್ದೇನ್ರಿ?”

“ಹೌದ್ರಿ. ತಾವು ಯಾರು?”

“ಇದ್ರಾಗ ನಾಕು ನನ್ನವು ಆವ. ಅವು ಬಿಡ್ರಿ, ಅವಕ್ಕ ಜವಾಬು ನಾನು ಕೊಡ್ತೇನಿ. ಉಳದವ್ರಿಗಿ ಕೇಳೀರೇನು?”

“ಮೂರು ಮೇಲ್ ಹಾಕೇನ್ರಿ.”

“ಮೇಲ್ ಹಾಕೋದು ಬ್ಯಾರೆ, ಕೇಳೋದು ಬ್ಯಾರೆ. ಯಾರು ವಾಪರಸ್ತಾರ ಅಂತ ಮಾಲೂಮ್ ಅದೇನು ನಿಮಗ?”

ನಾನು ಕಂಪ್ಯೂಟರ್ ತಿರುಗಿಸಿ ಬಳಸುವವರ ಲೆಕ್ಕ ತೋರಿಸಿದೆ. ಅವರು ಬೆರಳಿಟ್ಟ ಪ್ಯಾಕೇಜನ್ನು ಎರಡು ವರ್ಷದಲ್ಲಿ ಇಳಿಸಿಕೊಂಡವರು ಮೂರು ಜನ.

“ಮೂರೇ ಮಂದಿ ನೋಡ್ರಿ ಆಪಾ,” ಎಂದೆ. ಗಂಜಿನ ಎದುರಿನ ಜೆರಾಕ್ಸ್ ಅಂಗಡಿಯವರು ಎಂದು ಅಷ್ಟರಲ್ಲಿ ಗುರುತು ಹತ್ತಿತ್ತು, ಗಂಜಿನವರ ಬಾಯಲ್ಲಿ ಕೇಳಿದ್ದ ಆ ಹೆಸರು ನನ್ನ ಬಾಯಿಗೂ ಬಂದುಬಿಟ್ಟಿತ್ತು.

“ಯಾಕ, ಮೂರು ಮಂದಿ ಮಂದಿ ಅಲ್ಲೇನ್ರಿ?”

ಅವತ್ತು ಒಂದು ತಾಸು ಕೂತರು. ಒಂದೊಂದೇ ಪ್ಯಾಕೇಜಿನ ಹೆಸರು ಓದಿ, ಅದರ ಉಸ್ತುವಾರಿಗೆ ನನ್ನ ಎದುರೇ ಫೋನು ಹಚ್ಚಿದರು. ಒಬ್ಬ ಮೀಟಿಂಗಿನಲ್ಲಿದ್ದೇನೆ ಎಂದ. ಅವನಿಗೆ “ಮೀಟಿಂಗ್ ಆದ ಮ್ಯಾಲ ಇದು ಇರ್ಲೋ ಬ್ಯಾಡೋ ಹೇಳ್ರಿ, ನಾನು ಕಾಯ್ತೇನಿ” ಎಂದು ಲೈನಿನಲ್ಲೇ ಕೂತರು. ಪಟ್ಟಿಯ ಅರ್ಧ ಅವತ್ತೇ ಹೊಡೆದುಹೋಯಿತು. ಮಾಲೀಕರೇ ತೆಗೆಯಿರಿ ಎಂದಿದ್ದರು. ಉಳಿದರ್ಧ ಕಾದು ಕೂತಿತು. ನನಗೆ ಬೇಕಾಗಿದ್ದದ್ದು ಪಟ್ಟಿ ಪೂರ್ತಿ ಮುಗಿಯುವುದು. ಸಿಟ್ಟು ಅಲ್ಲಿಂದ ಶುರು.

ಅವರ ಮೇಲ್‌ಗೆ ವಿಷಯದ ಸಾಲು ಇರುತ್ತಿರಲಿಲ್ಲ. ಚುಕ್ಕಿ ಇರುತ್ತಿರಲಿಲ್ಲ. ಆರು ಪ್ರಶ್ನೆಗಳು ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಕಳಿಸಿದ ಎರಡನೇ ನಿಮಿಷಕ್ಕೆ ಫೋನು ಬರುತ್ತಿತ್ತು: “ಮುಟ್ಟಿತೇನ್ರಿ?” ಮುಟ್ಟಿತು ಎಂದರೆ “ಓದಿದ್ರೇನು?” ಇಲ್ಲ ಎಂದರೆ ತಾವೇ ಓದಿ ಹೇಳುತ್ತಿದ್ದರು. ಭಂಡಾರ ನಡೆಸುವ ನಮ್ಮ ಮಂಡಳಿಯ ಸಭೆ ಕಂಪ್ಯೂಟರಿನ ಮೇಲೆ ನಡೆಯುವಾಗ ಹಿಂದಿನಿಂದ ಜೆರಾಕ್ಸ್ ಯಂತ್ರದ ಸದ್ದು, ನಡುನಡುವೆ “ಎರಡೂ ಮಗ್ಗಲು ತೆಗೀಲೇನು?” ಎಂದು ಗಿರಾಕಿಗೆ ಕೇಳುವುದು. ಸದ್ದು ನಿಲ್ಲಿಸಿ ಎಂದರೆ, “ನಿಲ್ಲಿಸಿದ್ರ ಅವರ ಕೆಲಸ ನಿಲ್ತದಲ್ರಿ” ಎನ್ನುತ್ತಿದ್ದರು.

ಇದನ್ನೆಲ್ಲ ನೋಡಿ ಅವರು ಏನನ್ನೂ ಬಿಸಾಡದ ಹೆಂಗಸು ಎಂದುಕೊಂಡಿದ್ದೆ. ಅದೂ ಸುಳ್ಳಾಯಿತು. ಭಂಡಾರದಲ್ಲಿ ಒಂದೇ ಕೆಲಸ ಮಾಡುವ ಮೂರು ಗಡಿಯಾರದ ಪ್ಯಾಕೇಜುಗಳಿದ್ದವು. ಮಾಡಿದ ಮೂವರೂ ಒಬ್ಬರ ಮುಖ ಒಬ್ಬರು ನೋಡದವರು. ಆಪಾ ಮೂವರನ್ನೂ ಒಂದೇ ಫೋನಿಗೆ ಕೂಡಿಸಿ, ಯಾವುದು ಇಡಬೇಕೆಂದು ನೀವೇ ಹೇಳಿ, ಇಲ್ಲವಾದರೆ ಮೂರೂ ತೆಗೆಸುತ್ತೇನೆ ಎಂದರು. ಸಂಜೆಯೊಳಗೆ ಒಂದೇ ಉಳಿಯಿತು. ಅವರದೇ ಒಂದು ಪ್ಯಾಕೇಜಿತ್ತು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಯುನಿಕೋಡಿಗೆ ಬದಲಿಸುವಂಥದ್ದು. ವರ್ಷಗಟ್ಟಲೆ ಅದಕ್ಕಾಗಿ ಕೂತಿದ್ದರು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಚಹಾ ಕುಡಿಯುತ್ತಲೇ ಅದನ್ನು ತೆಗೆದುಹಾಕಿದರು. ನನಗೇ ಸಂಕಟವಾಯಿತು.

“ಆಪಾ, ಇದು ಚೊಲೋ ಇತ್ತಲ್ರಿ!”

“ವಾಪರಸೋರ ಮನಿಗಿ ಒಬ್ಬೊಬ್ಬರ ಕಡಿ ಹೋಗಿ ಬಂದೇನಿ. ಎಲ್ಲರದೂ ಬದಲಾಯಿಸಿ ಆಗ್ಯದ. ಇನ್ನ್ಯಾಕ ಇಡ್ಬೇಕು?”

ಅವರ ವಾದ ನನಗೆ ಅರ್ಥವಾಗದ್ದೇನಲ್ಲ. ಆದರೆ ಒಂದೊಂದು ಪ್ಯಾಕೇಜಿಗೂ ಒಬ್ಬೊಬ್ಬರ ಮನೆಗೆ ಹೋಗುತ್ತ ಕೂತರೆ ಭಂಡಾರ ಯಾವ ಜನ್ಮಕ್ಕೆ ಚೊಕ್ಕವಾಗುತ್ತದೆ?

ಮಳೆ ಕೈಕೊಟ್ಟ ವರ್ಷಗಳು ಬಂದವು. ಮೊದಲ ವರ್ಷ ಉದ್ದು ಹೋಯಿತು, ತೊಗರಿ ಅಷ್ಟಿಷ್ಟು ಬಂತು. ಎರಡನೇ ವರ್ಷ ಅದೂ ಇಲ್ಲ. ಗಂಜಿನಲ್ಲಿ ಕೈಗಾಡಿಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಚೀಲವೇ ಬಾರದ ಮೇಲೆ ಹಮಾಲರಿಗೆ ಏನು ಕೆಲಸ? ಅವರು ಒಬ್ಬೊಬ್ಬರಾಗಿ ಆಪಾನ ಅಂಗಡಿಗೆ ಬಂದು ಆಧಾರ್ ಕಾರ್ಡು, ರೇಷನ್ ಕಾರ್ಡು ಜೆರಾಕ್ಸ್ ಮಾಡಿಸಿಕೊಂಡು ಹೈದರಾಬಾದಿಗೋ ಪುಣೆಗೋ ಹೊರಡುತ್ತಿದ್ದರು. ಯಾರು ಎಷ್ಟು ಪ್ರತಿ ತೆಗೆಸುತ್ತಾರೆ ಎನ್ನುವುದರ ಮೇಲೆ ಅವರು ಒಬ್ಬರೇ ಹೊರಟಿದ್ದಾರೋ ಮನೆಮಂದಿಯೆಲ್ಲ ಹೊರಟಿದ್ದಾರೋ ಎಂದು ಆಪಾ ಹೇಳುತ್ತಿದ್ದರು. ನಮ್ಮ ಓಣಿಗೆ ಟ್ಯಾಂಕರ್ ಬರುವ ದಿನ ನನಗೆ ಕಾಲೇಜಿಗೆ ತಡವಾಗುತ್ತಿತ್ತು.

ಅದೇ ವರ್ಷ ಭಂಡಾರದಲ್ಲಿ ಒಂದು ದೊಡ್ಡ ತಲೆನೋವು ಎದ್ದಿತು. ಹಲವು ಪ್ಯಾಕೇಜುಗಳು ಒಂದು ಹಳೆಯ ಪ್ಯಾಕೇಜಿನ ಮೇಲೆ, ಪಾಯದ ಮೇಲೆ ಗೋಡೆ ನಿಂತಂತೆ, ನಿಂತಿದ್ದವು. ಆ ಪಾಯದಲ್ಲಿ ಒಂದು ತೂತಿರುವುದು ಗೊತ್ತಾಯಿತು. ಹೊರಗಿನ ಯಾರಾದರೂ ಅದರ ಮೂಲಕ ಸಾಲೆಯ ಕಂಪ್ಯೂಟರಿನೊಳಗೆ ನುಗ್ಗಬಹುದಿತ್ತು. ಅದನ್ನು ಮಾಡಿದವರು ಎಂದೋ ಕೈಬಿಟ್ಟಿದ್ದರಿಂದ ರಿಪೇರಿಯ ಮಾತೇ ಇರಲಿಲ್ಲ. ಹಳೆಯ ಪಾಯ ತೆಗೆಯುತ್ತೇವೆ, ನಿಮ್ಮ ನಿಮ್ಮ ಪ್ಯಾಕೇಜನ್ನು ಹೊಸ ಪಾಯದ ಮೇಲೆ ಕೂಡಿಸಿಕೊಳ್ಳಿ ಎಂದು ಎಲ್ಲ ಉಸ್ತುವಾರಿಗಳಿಗೆ ಬರೆದೆ. ಬಹಳ ಜನ ಕೂಡಿಸಿಕೊಂಡರು. ಕೆಲವರು ಬೇಡ ಎಂದರು. ಕೊನೆಗೆ ಉತ್ತರ ಕೊಡದೆ ಉಳಿದದ್ದು ಒಂದೇ: ‘ಸಾಲಿಚೀಟಿ’.

ಔರಾದ ತಾಲೂಕಿನ ಒಬ್ಬ ಮಾಸ್ತರರು ಬಹಳ ಹಿಂದೆ ಮಾಡಿದ್ದು ಅದು. ತಂದೆತಾಯಿಯ ಜೊತೆ ಗುಳೆ ಹೋಗುವ ಮಗುವಿಗೆ ಅರ್ಧ ಹಾಳೆಯ ಒಂದು ಚೀಟಿ ಮುದ್ರಿಸಿ ಕೊಡುತ್ತಿತ್ತು. ಮಗುವಿನ ಹೆಸರು, ತರಗತಿ, ಯಾವ ಪಾಠದವರೆಗೆ ಆಗಿದೆ, ಏನೇನು ಬರುತ್ತದೆ, ಇಷ್ಟೂ ಕನ್ನಡ ಮರಾಠಿ ತೆಲುಗು ಮೂರರಲ್ಲೂ. ಹೋದ ಊರಿನ ಸಾಲೆಯವರು ಓದಿ ಸರಿಯಾದ ತರಗತಿಯಲ್ಲಿ ಕೂಡಿಸಲಿ ಎಂದು. ಇಳಿಸಿಕೊಂಡವರ ಲೆಕ್ಕ ನೋಡಿದರೆ ಎರಡು ಸಾಲೆಗಳು. ಮೂರು ಮೇಲ್‌ಗೆ ಉತ್ತರವಿಲ್ಲ. ತಾರೀಖು ಸಾರಿದೆ.

“ಇದಕ್ಕ ಜರಾ ತಡೀರಿ,” ಎಂದರು ಆಪಾ.

“ಎಷ್ಟು ದಿನ ಆಪಾ? ತೂತು ತಡೀತದೇನು?”

“ನಾನು ಹೋಗಿ ಆ ಮಾಸ್ತರರಿಗಿ ಕೇಳಿ ಬರ್ತೇನಿ.”

“ಅವರಿಗಿ ಬ್ಯಾಡಾಗ್ಯದ, ಅದಕ್ಕ ಜವಾಬು ಇಲ್ಲ. ಒಂದು ಪ್ಯಾಕೇಜಿಗಿ ಔರಾದ ತನಾ ಹೋಗ್ತಾರೇನ್ರಿ ಯಾರರೇ?”

ಅವರು ಅಂಗಡಿ ಮುಚ್ಚಿ ಹೋದರು. ಹೋಗುವ ಮುಂಚೆ ಫೋನಿನಲ್ಲಿ ಒಂದು ಮಾತು ಹೇಳಿದರು: “ನಾನು ಬರೋ ತನಾ ಕೇಳದೇ ತೆಗೀಬ್ಯಾಡ್ರಿ.” ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮರುದಿನ ನಾನು ಸಾರಿದ ತಾರೀಖು. ಅವರಿಗಾಗಿ ಇದುವರೆಗೆ ಎಷ್ಟು ಸಲ ತಾರೀಖು ಮುಂದೆ ಹಾಕಿದ್ದೇನೆ ಎಂದು ಎಣಿಸಿಕೊಂಡೆ. ಎಣಿಸಿದಷ್ಟೂ ಸಿಟ್ಟು ಏರಿತು. ಮಧ್ಯಾಹ್ನ ಊಟಕ್ಕೆ ಮುಂಚೆ ಪಾಯವನ್ನೂ ಸಾಲಿಚೀಟಿಯನ್ನೂ ತೆಗೆದುಬಿಟ್ಟೆ. ಭಂಡಾರದಿಂದ ತೆಗೆದದ್ದಷ್ಟೇ ಆಗಿದ್ದರೆ ಹಳೆಯ ಯಂತ್ರಗಳಲ್ಲಿ ಅದು ಹಾಗೇ ಉಳಿಯುತ್ತಿತ್ತು. ತೂತಿನ ಭಯಕ್ಕೆ, ಮುಂದೆ ಯಾರು ಅಪ್‌ಡೇಟ್ ಮಾಡಿದರೂ ಅವರ ಯಂತ್ರದಿಂದ ಎರಡೂ ತಾವಾಗಿ ಕಳಚಿ ಹೋಗುವಂತೆ ಬರೆದಿದ್ದೆ. ಅಚ್ಚುಕಟ್ಟಾದ ಕೆಲಸ ಎಂದು ನನಗೆ ಹೆಮ್ಮೆಯೂ ಆಗಿತ್ತು.

ಮಾರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಬಂತು.

“ಸರ್, ಸಾಲಿಚೀಟಿ ತೆಗದ್ರೇನು?”

“ಹೌದ್ರಿ ಆಪಾ. ನಿನ್ನಿ ತೆಗದೇನಿ. ತಾರೀಖು ಮೊದಲೇ ಹೇಳಿದ್ದೆ.”

“ಚಿಂತಾಕಿ ಕಡಿ ಒಂದು ಸಾಲ್ಯಾಗ ಕುಂತೇನಿ. ಹೆಡ್ ಮೇಡಂ ಚೀಟಿ ತೆಗೀಬೇಕಂತ ಮಶಿನ್ ಚಾಲೂ ಮಾಡಿದ್ರು. ಮೊದಲು ಅಪ್‌ಡೇಟ್ ಹಾಕಿದ್ರು, ನಾವೇ ಹೇಳಿಕೊಟ್ಟಂಗ. ನನ್ನ ಕಣ್ಣ ಎದರೇ ಹೋಯ್ತು.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹಿಂದಿನ ದಿನ ನಡೆದದ್ದನ್ನು ಹೇಳಿದರು. ಔರಾದದಲ್ಲಿ ಆ ಮಾಸ್ತರರು ಸಿಕ್ಕಿದ್ದರು. ಈಗ ಅವರಿಗೆ ಕಚೇರಿ ಕೆಲಸ. ಮೇಲ್‌ನ ಪಾಸ್‌ವರ್ಡು ಮರೆತು ಮೂರು ವರ್ಷವಾಗಿತ್ತು. ಆಪಾ ಕೇಳಿದ್ದಕ್ಕೆ, “ಅದು ಇನ್ನಾ ನಡೀಲತ್ತದೇನ್ರಿ?” ಎಂದು ಅವರೇ ಆಶ್ಚರ್ಯಪಟ್ಟರಂತೆ. ಮಾಡಿದವರಿಗೇ ಗೊತ್ತಿರಲಿಲ್ಲ, ಆಪಾ ಸಾಲೆಗಳಿಗೇ ಹೋಗಿ ಕೇಳಿದಾಗ ಸಂಗತಿ ತಿಳಿದಿತ್ತು. ಒಂದು ಸಾಲೆ ಇಳಿಸಿಕೊಂಡದ್ದನ್ನು ಪಕ್ಕದ ಸಾಲೆಯವರು ಪೆನ್‌ಡ್ರೈವಿನಲ್ಲಿ ಒಯ್ದಿದ್ದರು, ಅವರಿಂದ ಅವರ ಪಕ್ಕದವರು. ಹೀಗೆ ತಾಲೂಕಿನ ಎಷ್ಟೋ ಸಾಲೆಗಳಲ್ಲಿ ಅದು ಕೂತಿತ್ತು. ನನ್ನ ಲೆಕ್ಕದಲ್ಲಿ ಎರಡು.

“ಮಂದಿ ನಾಳಿ ಮಧ್ಯಾನ ಭಾಲ್ಕಿ ಟೇಸನಿಗಿ ಹೊಂಟಾರ್ರಿ. ಪುಣೆ ಗಾಡಿ. ಮಕ್ಕಳು ಸಂಗಟ ಹೊಂಟಾವ.”

“ನಾ ವಾಪಸ್ ಹಾಕ್ತೇನಿ ಆಪಾ, ಒಂದು ತಾಸು ತಡೀರಿ.”

“ಹಾಕಿದ್ರ ಇಲ್ಲಿಗಿ ಯಾವಾಗ ಬರ್ತದ? ಆ ಅಪ್‌ಡೇಟ್ ಆಗ್ಲಿಕ್ಕೇ ಮುಂಜಾನಿಂದ ಹಿಡದದ. ನಿಮ್ಮ ಮಶಿನ್ನಾಗ ಅದ ಅಲ್ಲ? ನಾನು ಹೆಸರು ಹೇಳ್ತೇನಿ, ನೀವು ಟೈಪ್ ಮಾಡ್ರಿ.”

ಹೇಳತೊಡಗಿದರು. ಆ ಮೂರು ತಾಸು ನಾನು ಮರೆಯುವುದಿಲ್ಲ. ಐದು ನಿಮಿಷಕ್ಕೊಮ್ಮೆ ಲೈನು ಕಡಿಯುತ್ತಿತ್ತು. ಮತ್ತೆ ಹಚ್ಚಿದಾಗ ಹಿಂದಿನ ಹೆಸರನ್ನು ನನ್ನಿಂದ ಓದಿಸುತ್ತಿದ್ದರು. ಒತ್ತಕ್ಷರ ತಪ್ಪಿದರೆ ತಿದ್ದಿಸುತ್ತಿದ್ದರು. ಹೆಸರು, ತರಗತಿ ಆದ ಮೇಲೆ ಹೆಡ್ ಮೇಡಂ ಪಕ್ಕದಿಂದ ಒಂದೊಂದು ಮಗುವಿಗೆ ಏನು ಬರುತ್ತದೆ ಎನ್ನುವುದನ್ನು ಹೇಳುತ್ತಿದ್ದರು, ಆಪಾ ಅದನ್ನು ನನಗೆ ದಾಟಿಸುತ್ತಿದ್ದರು: ಇವನಿಗೆ ಮಗ್ಗಿ ಹನ್ನೆರಡರ ತನಕ, ಇವಳಿಗೆ ಓದು ಸರಾಗ, ಬರಹ ಸಾವಕಾಶ. ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ವಿದ್ಯಾರ್ಥಿಗಳು ಹೊರಗೆ ಕಾಯುತ್ತಿದ್ದರು.

“ಆಪಾ, ಹೆಸರು, ಕ್ಲಾಸು ಸಾಕಲ್ರಿ. ಇದೆಲ್ಲ ಯಾಕ?”

“ಅಕೀಗಿ ಭಾಗಾಕಾರ ಬರ್ತದಂದ್ರ ಬರ್ತದಂತ ಬರೀರಿ. ಅಲ್ಲಿ ಯಾರು ಹೇಳೋರು ಅದಾರ ಅಕೀ ಪರವಾಗಿ?”

ಬರೆದೆ. ಮೂವತ್ತಮೂರು ಚೀಟಿಗಳಾದವು. ಪ್ರಿಂಟು ತೆಗೆದು ಮರುದಿನ ಬಸ್ಸಿನಲ್ಲಿ ಭಾಲ್ಕಿಗೆ ಹೋದೆ. ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಗಂಟುಮೂಟೆ, ಬುಟ್ಟಿ, ನೀರಿನ ಕ್ಯಾನು, ಮಡಚಿದ ತಾಡಪತ್ರಿಗಳ ನಡುವೆ ಜನ ಕೂತಿದ್ದರು. ಕೆಲವು ಮಕ್ಕಳು ಯೂನಿಫಾರ್ಮಿನಲ್ಲೇ ಇದ್ದವು. ಬೇರೆ ಗಟ್ಟಿ ಬಟ್ಟೆ ಇರಲಿಲ್ಲವೇನೋ. ಹೆಡ್ ಮೇಡಂ ಕೂಡ ಬಂದಿದ್ದರು. ಆಪಾ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಒಂದೊಂದೇ ಹೆಸರು ಕೂಗಿದರು. ದೊಡ್ಡವರ ಕೈಗೆ ಕೊಡಲಿಲ್ಲ. ಮಗುವನ್ನೇ ಕರೆದು, ಕನ್ನಡದ ಭಾಗವನ್ನು ಗಟ್ಟಿಯಾಗಿ ಓದಿಸಿ, ತಪ್ಪಿಲ್ಲ ಎಂದು ಅದರ ಬಾಯಿಂದ ಹೇಳಿಸಿಯೇ ಕೊಡುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಗಾಡಿ ಬರುವ ಹೊತ್ತಾಗಿತ್ತು.

“ಆಪಾ, ಜಲ್ದಿ ಮಾಡ್ರಿ. ಹಂಚಿ ಬಿಡ್ರಿ.”

“ಗಾಡಿಗಿ ಹೇಳ್ರಿ ಜಲ್ದಿ ಬರಬ್ಯಾಡಂತ.”

ಒಬ್ಬ ಹುಡುಗ ತನ್ನ ಚೀಟಿಯಲ್ಲಿ ‘ಕವಿತೆ ಬಾಯಿಪಾಠ ಬರುತ್ತದೆ’ ಎಂದಿರುವುದನ್ನು ಓದಿ, ಎರಡೇ ಕವಿತೆ ಬರುತ್ತವೆ, ಹಾಗೆ ಬರೆಯಿರಿ ಎಂದ. ಆಪಾ ಪೆನ್ನು ತೆಗೆದು ‘ಎರಡು’ ಎಂದು ಸೇರಿಸಿದರು. ಗಾಡಿ ಬಂತು, ಜನ ಏರಿದರು, ಗಾಡಿ ಹೋಯಿತು. ಆಪಾನ ಕೈಯಲ್ಲಿ ಎರಡು ಚೀಟಿ ಉಳಿದವು. ಐದನೇ ತರಗತಿಯ ಒಬ್ಬ ಹುಡುಗಿ, ಎರಡನೇ ತರಗತಿಯ ಅವಳ ತಮ್ಮ. ಅವರ ಮನೆಯವರು ಹಿಂದಿನ ದಿನವೇ ಲಾರಿಯಲ್ಲಿ ಹೈದರಾಬಾದ್ ಕಡೆಯ ಇಟ್ಟಿಗೆ ಭಟ್ಟಿಗೆ ಹೋಗಿಬಿಟ್ಟಿದ್ದರು. ಆಪಾ ಸಾಲೆಗೆ ಹೋದ ದಿನ ಬೆಳಿಗ್ಗೆ ಅವರು ಚೀಟಿಗಾಗಿ ಬಂದು, ಯಂತ್ರದಲ್ಲಿ ಇಲ್ಲ ಎಂದು ಕೇಳಿ, ತಿರುಗಿ ಹೋಗಿದ್ದರು.

ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು “ಎರಡೇ ಅಲ್ರಿ ಆಪಾ” ಎಂಬ ಮಾತು. ಅವರು ನನ್ನ ಮುಖ ನೋಡಿದರು, ಅಷ್ಟೇ. ಎರಡು ನಿಮಿಷ ಸುಮ್ಮನಿರದ ಹೆಂಗಸು ಬೀದರಿನವರೆಗೂ ಬಸ್ಸಿನ ಕಿಟಕಿಯ ಹೊರಗೆ ಒಣಗಿದ ಹೊಲ ನೋಡುತ್ತ ಕೂತರು.

ಆಮೇಲಿನ ವಾರಗಳಲ್ಲಿ ನಾನು ಅವರ ಫೋನಿಗೆ ಹೆದರಿದೆ. ಪ್ರತಿ ಫೋನಿನ ಕೊನೆಗೆ “ಎರಡು ಉಳದಾವ” ಎನ್ನುತ್ತಿದ್ದರು. ಭಂಡಾರದ ಮಾತು, ಪ್ರಿಂಟರಿನ ಮಾತು, ಏನೇ ಇರಲಿ, ಕೊನೆಗೆ ಅದೇ. ಹೆಡ್ ಮೇಡಂ, ಲಾರಿಯವನು, ಆಳು ಒಯ್ಯುವ ಮುಕಾದಮ, ಒಬ್ಬರ ನಂತರ ಒಬ್ಬರಿಗೆ ಫೋನು ಹಚ್ಚುತ್ತಿದ್ದರು. ಒಂದು ದಿನ ಲ್ಯಾಬಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

“ಸಿಕ್ಕಾರ್ರಿ.”

“ಸಾಲಿಗಿ ಸೇರ್ಯಾವೇನು ಮಕ್ಕಳು?”

“ಸೇರಿಸ್ಯಾರ.”

ನನ್ನ ಎದೆಯ ಭಾರ ಇಳಿಯಿತು. ಅಷ್ಟು ದಿನದ ಸಿಟ್ಟೂ ಸೇರಿ ಬಾಯಿ ಬಿಚ್ಚಿತು. “ನೋಡ್ರಿ ಮತ್ತ! ಚೀಟಿ ಇಲ್ಲದೇನೂ ಸೇರಿಸ್ಕೊಂಡಾರ. ನೀವು ಒಂದೂವರಿ ತಿಂಗಳಿಂದ ನನ್ನ ಜೀವ ತಿಂದ್ರಿ.”

“ಒಂದನೇತ್ತಾಗ ಕೂಡ್ಸ್ಯಾರ್ರಿ,” ಎಂದರು ಆಪಾ. “ಇಬ್ಬರಿಗೂ. ಐದನೇತ್ತಿನ ಹುಡುಗಿಗಿ, ತಮ್ಮನ ಮಗ್ಗಲದಾಗ. ತೆಲುಗು ಬರಂಗಿಲ್ಲ, ಕಾಗದ ಇಲ್ಲ, ಅಲ್ಲಿ ಕುಂದರು ಅಂದಾರ. ಭಾಗಾಕಾರ ಬರ್ತಿತ್ತು ಅಕೀಗಿ. ಸಣ್ಣ ಕೂಸುಗಳ ನಡುವ ನಾಚಿ, ಎಂಟು ದಿನದಿಂದ ಹೋಗೋದೇ ಬಿಟ್ಟಾಳಂತ. ಭಟ್ಟಿ ಮ್ಯಾಲ ಇಟ್ಟಂಗಿ ತಿರುವಿ ಹಾಕ್ಲತ್ತಾಳ.”

ಭಾಗಾಕಾರ ಬರುತ್ತದೆ ಎಂದು ಟೈಪ್ ಮಾಡಿದ ಬೆರಳುಗಳು ನನ್ನವೇ.

“ನಾಳಿ ಚೀಟಿ ತಗೊಂಡು ಹೋಗ್ತೇನಿ.”

“ನಾನೂ ಬರ್ತೇನಿ ಆಪಾ.”

“ನೀವು ಬಂದು ಏನ್ ಮಾಡ್ತೀರಿ? ಸಾಲಿಚೀಟಿ ಹೊಸ ಪಾಯದ ಮ್ಯಾಲ ಕೂಡ್ಸ್ರಿ. ಮುಂದಿನ ವರ್ಷದ ಮಕ್ಕಳಿಗಿ ಬೇಕಾಗ್ತದ.”

ಅವರು ಹೋದರು. ಮೊದಲ ದಿನ ಭಟ್ಟಿ ಸಿಗಲಿಲ್ಲ, ತಿರುಗಿ ಬಂದು ಮತ್ತೆ ಹೋದರು. ಹುಡುಗಿಯನ್ನೂ ತಮ್ಮನನ್ನೂ ಕರೆದುಕೊಂಡು ಆ ಸಾಲೆಗೆ ನಡೆದು, ಅಲ್ಲಿನ ಮಾಸ್ತರರ ಮುಂದೆ ಚೀಟಿ ಇಟ್ಟರು. ಹುಡುಗಿ ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಳಂತೆ. ಅವತ್ತೇ ಐದನೇ ತರಗತಿಗೆ ಕಳಿಸಿದರು, ತಮ್ಮನನ್ನು ಎರಡನೆಯದಕ್ಕೆ. ಇದನ್ನೆಲ್ಲ ಆಪಾ ಎರಡು ವಾಕ್ಯದಲ್ಲಿ ಮುಗಿಸಿ, “ಪಾಯ ಎಲ್ಲಿಗಿ ಬಂತು?” ಎಂದರು.

ಪಾಯ ಎಲ್ಲಿಗೂ ಬಂದಿರಲಿಲ್ಲ. ಮಾಸ್ತರರು ಬರೆದದ್ದು ಅವರಿಗೇ ಅರ್ಥವಾಗುವ ರೀತಿಯಲ್ಲಿತ್ತು. ಒಂದು ಕಡೆ ಮುಟ್ಟಿದರೆ ಮರಾಠಿ ಮಾಯವಾಗುತ್ತಿತ್ತು, ಇನ್ನೊಂದು ಕಡೆ ಮುಟ್ಟಿದರೆ ತೆಲುಗಿನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಎರಡು ತಿಂಗಳು ನಾನೂ ಆಪಾನೂ ಅದರ ಮೇಲೆ ಕೂತೆವು. ಕೂತೆವು ಎಂದರೆ ಜಗಳವಾಡಿದೆವು. ನಾನು ಪೂರ್ತಿ ಹೊಸದಾಗಿ ಬರೆಯೋಣ ಎಂದೆ. ಹೊಸದಾಗಿ ಬರೆದರೆ ಸಾಲೆಯವರು ಮತ್ತೆ ಕಲಿಯಬೇಕು, ಗುಂಡಿಗಳು ಇದ್ದಲ್ಲೇ ಇರಲಿ ಎಂದು ಅವರು. ಕೊನೆಗೆ ಅವರದೇ ಗೆದ್ದಿತು. ಹೊಸ ಸಾಲಿಚೀಟಿ ಸಿದ್ಧವಾದ ಮೇಲೆ ಪೆನ್‌ಡ್ರೈವ್ ಹಿಡಿದು ಸಾಲೆ ಸಾಲೆಗೆ ಹೋದರು. ಆಗ ನಾನೂ ಜೊತೆಗಿದ್ದೆ. ಔರಾದದ ಬಿಸಿಲಲ್ಲಿ ಬಸ್ಸಿಗಾಗಿ ನಿಂತು ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ.

ಅದಾದ ಮೇಲೆ ಮಂಡಳಿಯ ಸಭೆಯಲ್ಲಿ ಆಪಾ ಒಂದು ನಿಯಮ ಮುಂದಿಟ್ಟರು. ಯಾವ ಪ್ಯಾಕೇಜು ತೆಗೆಯಬೇಕಾದರೂ, ಅದನ್ನು ಬಳಸುವ ಒಬ್ಬರ ಜೊತೆಯಾದರೂ ಬಾಯಿಮಾತಿನಲ್ಲಿ ಮಾತಾಡಿರಬೇಕು. ಎಲ್ಲರೂ ಹೌಹಾರಿದರು. ಇಷ್ಟು ನಿಧಾನವಾದರೆ ಹೇಗೆ ಎಂದು ಒಬ್ಬರು ಕೂಗಾಡಿದರು. ಅವರು ನನ್ನ ಮನಸ್ಸಿನ ಮಾತನ್ನೇ ಹೇಳುತ್ತಿದ್ದರು. ಮತ ಹಾಕುವಾಗ ಮಾತ್ರ ನಾನು ಆಪಾನ ಕಡೆ ಕೈ ಎತ್ತಿದೆ. ಅವರು ಥ್ಯಾಂಕ್ಸ್ ಕೂಡ ಹೇಳಲಿಲ್ಲ. “ಒಂದು ಅರ್ಜಿ ಬಂದದ, ತಡೀರಿ,” ಎಂದು ಗಿರಾಕಿಯ ಕಡೆ ತಿರುಗಿದರು.

ಅವರಿಗೆ ಕಾಯಿಲೆ ಇದ್ದದ್ದು ನನಗೆ ತಿಳಿಯಲಿಲ್ಲ. ತಿಳಿಸಲಿಲ್ಲ. ಒಂದು ದಿನ ಅವರಿಂದ ಒಂದು ಪಟ್ಟಿ ಬಂತು, ಎಂದಿನಂತೆ ವಿಷಯದ ಸಾಲಿಲ್ಲದೆ. ಅವರ ಉಸ್ತುವಾರಿಯ ಪ್ಯಾಕೇಜುಗಳೆಲ್ಲ ಅದರಲ್ಲಿದ್ದವು. ಕೆಲವು ತೆಗೆಯಿರಿ ಎಂದಿತ್ತು. ಉಳಿದವುಗಳ ಮುಂದೆ ಒಬ್ಬೊಬ್ಬರ ಹೆಸರು. ಎಲ್ಲರ ಹತ್ತಿರ ಮಾತಾಡಿ ಒಪ್ಪಿಸಿಯಾಗಿತ್ತು. ಸಾಲಿಚೀಟಿಯ ಮುಂದೆ ನನ್ನ ಹೆಸರಿತ್ತು. ನನ್ನನ್ನು ಕೇಳಿಯೇ ಇರಲಿಲ್ಲ. ತಕ್ಷಣ ಫೋನು ಹಚ್ಚಿದೆ.

“ಆಪಾ, ಎಲ್ಲಾರಿಗೂ ಕೇಳೀರಿ. ನನಗ ಯಾಕ ಕೇಳಿಲ್ಲ?”

“ಕೇಳಿದ್ರ ಬ್ಯಾಡಂತಿದ್ರಿ.” ದನಿ ಸಣ್ಣದಾಗಿತ್ತು. ನೆಗಡಿ ಎಂದುಕೊಂಡೆ.

“ಇದು ಯಾವ ನಿಯಮ್ರಿ? ನೀವೇ ಮಾಡಿದ್ದು ನೀವೇ ಮುರೀತೀರಿ?”

“ಹೌದ್ರಿ. ಮುರದೇನಿ. ಸಿಟ್ಟಿಗಿ ಬಂದೀರಿ ಅಲ್ಲ? ಸಿಟ್ಟಿಗಿ ಬಂದವರು ಕೆಲಸ ಬರಾಬರ್ ಮಾಡ್ತಾರ.”

ಅದೇ ಕೊನೆಯ ಮಾತು. ಅದಾಗಿ ನಾಲ್ಕು ದಿನ ನಾನು ಆ ಸಿಟ್ಟನ್ನೇ ಕಾಪಿಟ್ಟುಕೊಂಡಿದ್ದೆ.

ಸಾಲಿಚೀಟಿ ನನ್ನ ತಲೆಗೇ ಬಿತ್ತು. ಚೀಟಿಯ ಕೆಳಗೆ ಸಂಪರ್ಕಕ್ಕೆ ಎಂದು ನನ್ನ ನಂಬರು ಹಾಕಿದೆ. ಹೋದ ವರ್ಷ ಮಳೆ ತಕ್ಕಮಟ್ಟಿಗೆ ಬಂತು, ಆದರೂ ಭಾಲ್ಕಿಯಿಂದ ಗಾಡಿ ಏರುವವರು ನಿಂತಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೈದರಾಬಾದಿನ ಹೊರಗೆ ಎಲ್ಲೋ ಒಂದು ಸಾಲೆಯ ಮಾಸ್ತರರು. ಅರ್ಧ ತೆಲುಗು, ಅರ್ಧ ಹಿಂದಿ. ದನಿಯಲ್ಲಿ ಸಿಟ್ಟಿತ್ತು. ಈ ಚೀಟಿ ಕಳಿಸುವವರು ನೀವೇನಾ ಎಂದು ಕೇಳಿದರು. ಹೌದೆಂದೆ.

ಮೂರು ವರ್ಷದಿಂದ ಮಕ್ಕಳು ಇದನ್ನು ಹಿಡಿದುಕೊಂಡು ಬರುತ್ತಾರೆ, ನಾನು ಓದಿ ಅವರವರ ತರಗತಿಯಲ್ಲಿ ಕೂಡಿಸುತ್ತೇನೆ, ಅದೇನೋ ಸರಿ ಎಂದರು. ಆದರೆ ನಿಮ್ಮ ತೆಲುಗು ಎಂಥ ತೆಲುಗು? ಮೂರನೇ ಸಾಲಿನಲ್ಲೇ ಎರಡು ತಪ್ಪು. ಮಕ್ಕಳು ಇದನ್ನು ನೋಡಿ ಕಲಿತರೆ ಏನು ಗತಿ? ಇಷ್ಟು ವರ್ಷದಲ್ಲಿ ನಮ್ಮನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲವಲ್ಲ ಎಂದು ರೇಗಿದರು.

ನಾನು ಹೊರಗೆ ಕಾಯುತ್ತಿದ್ದ ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಎಂದು ಕೈ ತೋರಿಸಿ, ಕಾಗದ ಎಳೆದುಕೊಂಡೆ.

“ಹೇಳಿ ಸಾರ್,” ಎಂದೆ ಹಿಂದಿಯಲ್ಲಿ. “ಒಂದೊಂದೇ ಅಕ್ಷರ ಹೇಳಿ. ಬರೆದುಕೊಳ್ಳುತ್ತೇನೆ.”